ಮುಟ್ಟದೆ ಹೊಡೆಯುವುದು ಹೇಗೆ? ಕಿರುಚಿತ್ರಕ್ಕೊಂದು ಪೊಲೀಸ್–ರೌಡಿ ಫೈಟ್

ಕಿರುಚಿತ್ರಗಳ ಫೈಟು ಕೆಡುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ. ಇನ್‌ಸ್ಪೆಕ್ಟರ್ ಗುದ್ದು ಬೀಸುತ್ತಾನೆ, ಅವನ ಮುಷ್ಟಿಗೂ ರೌಡಿಯ ದವಡೆಗೂ ನಡುವೆ ಹಿಂದಿನ ಗೋಡೆ ಚೆನ್ನಾಗಿ ಕಾಣುತ್ತಿರುತ್ತದೆ, ಆದರೂ ರೌಡಿ ಹಾರಿ ಬೀಳುತ್ತಾನೆ. ಆಮೇಲೆ ಎಷ್ಟು ‘ಢಿಶುಂ’ ಸೇರಿಸಿದರೂ ನೋಡುವವರು ನಗುವುದು ನಿಲ್ಲುವುದಿಲ್ಲ. ಇದಕ್ಕೆ ಕರಾಟೆ ಬ್ಲ್ಯಾಕ್ ಬೆಲ್ಟ್ ಹುಡುಗನನ್ನು ಹೀರೊ ಮಾಡುವುದು ಪರಿಹಾರ ಎಂದುಕೊಂಡವರೇ ಹೆಚ್ಚು. ಕಲಿತ ಹುಡುಗ ಸಿಕ್ಕರೆ ಅವನನ್ನು ರೌಡಿ ಪಾತ್ರಕ್ಕೆ ಹಾಕಿ. ಹೊಡೆತಕ್ಕೆ ತೂಕ ಬರುವುದು ಅದನ್ನು ತಿನ್ನುವವನಿಂದ.

ಮೊದಲು: ಯಾರಿಗೆ ಏನು ಬೇಕು?

ಪೊಲೀಸನಿಗೆ ಆಸಾಮಿ ಜೀವಂತ ಕೈಗೆ ಸಿಗಬೇಕು, ರೌಡಿಗೆ ತಪ್ಪಿಸಿಕೊಂಡು ಓಡಬೇಕು. ಹಾಗಾಗಿ ಪೊಲೀಸನ ಕೈಗಳು ಮಣಿಕಟ್ಟು, ಮೊಣಕೈ, ಕಾಲರ್ ಹುಡುಕುತ್ತಿರಲಿ. ರೌಡಿ ನೂಕಿ, ಕೊಸರಿ, ಬಾಗಿಲ ಕಡೆಗೇ ಸರಿಯುತ್ತಿರಲಿ. ಹಾಂಗ್‌ಕಾಂಗ್‌ನ ‘ಎಸ್‌ಪಿಎಲ್’ (2005) ಚಿತ್ರದಲ್ಲಿ ಇಕ್ಕಟ್ಟಾದ ಗಲ್ಲಿಯೊಳಗೆ ಒಂದು ಕಾಳಗವಿದೆ. ಪೊಲೀಸ್ ಪಾತ್ರದ ಡಾನಿ ಯೆನ್ ಕೈಯಲ್ಲಿ ಬೇಟನ್ (ಪೊಲೀಸ್ ದೊಣ್ಣೆ), ಹಂತಕನಾದ ವು ಜಿಂಗ್ ಕೈಯಲ್ಲಿ ಗಿಡ್ಡ ಚಾಕು. ಬೇಟನ್ನಿನವನು ಅಂತರ ಕಾಯಬೇಕು, ಚಾಕುವಿನವನು ಅಂತರ ಮುರಿದು ಒಳಗೆ ನುಗ್ಗಬೇಕು. ಇಡೀ ದೃಶ್ಯ ನಿಂತಿರುವುದು ಆ ಎರಡು ಆಯುಧಗಳ ಉದ್ದದ ವ್ಯತ್ಯಾಸದ ಮೇಲೆ. ಅದರ ಬಹುಪಾಲನ್ನು ಅವರು ಸ್ಥಳದಲ್ಲೇ ಹೊಳೆದಂತೆ ಆಡಿದರು ಎಂದು ಓದಿ ನೀವೂ ಹಾಗೆ ಮಾಡಲು ಹೋಗಬೇಡಿ. ಇಬ್ಬರೂ ಎಳವೆಯಿಂದ ಚೀನಾದ ಸಮರಕಲೆ ವುಶು ಕಲಿತವರು.

ಆಯುಧ

ನಿಜವಾದ ಲಾಠಿ ಸೆಟ್ಟಿಗೇ ಬರಬಾರದು. ತೆಳು ಬೆತ್ತಕ್ಕೆ ಎ.ಸಿ. ರಿಪೇರಿಯವರು ತಾಮ್ರದ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ತೊಡಿಸಿ, ಮೇಲೆ ಬಟ್ಟೆಯ ಟೇಪ್ ಸುತ್ತಿ ಬಣ್ಣ ಹೊಡೆಯಿರಿ. ಒಳಗೆ ಪಿವಿಸಿ ಪೈಪ್ ಬೇಡ. ಅದು ಸೀಳಿದರೆ ಅಂಚು ಚಾಕುವಿನಷ್ಟೇ ಹರಿತ. ಮಚ್ಚು, ಲಾಂಗಿಗೆ ಚಪ್ಪಲಿಯ ಅಟ್ಟೆಗೆ ಬಳಸುವಂಥ ಇವಿಎ ಫೋಮಿನ 10 ಮಿ.ಮೀ. ದಪ್ಪದ ಹಾಳೆ ಸಾಕು. ಥರ್ಮಾಕೋಲ್ ಮಚ್ಚು ಒಂದೇ ಬೀಸಿಗೆ ಮುರಿದು ನೆಲವೆಲ್ಲ ಬಿಳಿ ಕಾಳು ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಚಾಕುವಂತೂ ಲೈಟ್ ಬಿದ್ದೊಡನೆ ಆಟಿಕೆ ಎಂದು ಗೊತ್ತಾಗುತ್ತದೆ.

ಬೀದಿಯಲ್ಲಿ ಖಾಕಿ ತೊಟ್ಟು, ಮಚ್ಚು ಹಿಡಿದು ಓಡುವುದಿದ್ದರೆ ಹಿಂದಿನ ದಿನವೇ ಸ್ಥಳೀಯ ಠಾಣೆಗೆ ಪತ್ರ ಕೊಟ್ಟು, ಸ್ವೀಕೃತಿಯ ಪ್ರತಿ ಜೇಬಿನಲ್ಲಿಟ್ಟುಕೊಳ್ಳಿ. ಕ್ಯಾಮೆರಾ ಕಾಣದ ದಾರಿಹೋಕರು 112ಕ್ಕೆ ಫೋನ್ ಮಾಡಿಯೇ ಮಾಡುತ್ತಾರೆ.

ಪಟ್ಟುಗಳ ಎಣಿಕೆ

ಒಂದು ಶಾಟಿಗೆ 3ರಿಂದ 5 ಪಟ್ಟುಗಳು ಸಾಕು. ಹೆಚ್ಚಾದರೆ ಐದನೆಯದರ ಹೊತ್ತಿಗೆ ಇಬ್ಬರೂ ‘ಮುಂದೇನು’ ಎಂದು ನೆನಪಿಸಿಕೊಳ್ಳುವುದು ಮುಖದ ಮೇಲೆ ಕಾಣುತ್ತದೆ. ಅರ್ಧ ವೇಗದಲ್ಲಿ ಎಣಿಸುತ್ತ ಕಲಿಸಿ, ಮುಕ್ಕಾಲು ವೇಗದಲ್ಲಿ ಚಿತ್ರೀಕರಿಸಿ.

ಗುದ್ದು: ಎಲ್ಲರೂ ಎಡವುವ ಹಂತ

ಕ್ಯಾಮೆರಾವನ್ನು ಪಕ್ಕದಲ್ಲಿಟ್ಟು ಇಬ್ಬರನ್ನೂ ಎದುರುಬದುರು ನಿಲ್ಲಿಸಿದರೆ ಅಂತರ ಬಯಲಾಗುತ್ತದೆ. ಕ್ಯಾಮೆರಾ ಇರಬೇಕಾದದ್ದು ಹೊಡೆಯುವವನ ಹೆಗಲ ಹಿಂದೆ ಅಥವಾ ತಿನ್ನುವವನ ಹೆಗಲ ಹಿಂದೆ. ಮೊದಲನೆಯದನ್ನೇ ಹಿಡಿಯೋಣ. ಇನ್‌ಸ್ಪೆಕ್ಟರ್‌ನ ಬಲ ಹೆಗಲ ಹಿಂದೆ ಕ್ಯಾಮೆರಾ, ಎದುರಿಗೆ ರೌಡಿಯ ಮುಖ. ಬಲಗೈ ಬಲದಿಂದ ಎಡಕ್ಕೆ ಅರ್ಧ ಚಂದ್ರಾಕಾರವಾಗಿ ಬೀಸುತ್ತದೆ. ಮುಷ್ಟಿಗೂ ಮೂಗಿಗೂ ಒಂದು ಗೇಣು ಅಂತರ ಇರಲೇಬೇಕು. ಲೆನ್ಸಿನ ಸಾಲಿನಲ್ಲಿ ಮುಷ್ಟಿ ಮುಖವನ್ನು ದಾಟಿ ಹೋಗುವುದರಿಂದ ಆ ಗೇಣು ಕಾಣುವುದಿಲ್ಲ.

ಪರೀಕ್ಷೆ ಸುಲಭ. ಬೀಸುವ ಕೈಯನ್ನು ನಡುದಾರಿಯಲ್ಲಿ ನಿಲ್ಲಿಸಲು ಹೇಳಿ ಮಾನಿಟರ್ ನೋಡಿ. ಮುಷ್ಟಿ ಮೂಗನ್ನು ಮುಚ್ಚಿರಬೇಕು. ಅದು ಮುಖದಿಂದ ಹೊರಗೆ ಸರಿದು, ನಡುವೆ ಹಿಂದಿನ ಗೋಡೆ ಇಣುಕಿದರೆ ನಟರನ್ನು ಅಲುಗಿಸಬೇಡಿ, ಕ್ಯಾಮೆರಾವನ್ನು ಅರ್ಧ ಹೆಜ್ಜೆ ಸರಿಸಿ. 50ರಿಂದ 85 ಮಿ.ಮೀ. ಲೆನ್ಸ್ ಇದ್ದರೆ ಅಂತರ ಇನ್ನಷ್ಟು ಕುಗ್ಗಿ ಕಾಣುತ್ತದೆ. ಫೋನಿನಲ್ಲಾದರೆ 2ಎಕ್ಸ್ ಲೆನ್ಸ್ ಹಾಕಿ ದೂರ ನಿಲ್ಲಿ. ಅಗಲದ ಲೆನ್ಸಿನಲ್ಲಿ ಹತ್ತಿರ ಹೋದರೆ ಕೈ ಮೊಳದುದ್ದ ಹಿಗ್ಗಿ, ಮುಖ ದೂರ ಸರಿದಂತೆ ಕಾಣುತ್ತದೆ.

ಹೊಡೆಯುವವನ ದೊಡ್ಡ ತಪ್ಪು ಎಂದರೆ ಮುಖದ ಎದುರಿಗೆ ಕೈ ತಡೆಯುವುದು. ಪೆಟ್ಟಾದೀತೆಂಬ ಭಯಕ್ಕೆ ಹೀಗಾಗುತ್ತದೆ. ಅಂತರ ಸರಿಯಾಗಿದ್ದರೆ ಭಯಕ್ಕೆ ಕಾರಣವಿಲ್ಲ. ಮುಷ್ಟಿ ಮುಖ ದಾಟಿ ತನ್ನದೇ ಎಡ ಹೆಗಲ ಮುಂದೆ ಹೋಗಿ ನಿಲ್ಲಬೇಕು.

ಇನ್ನು ತಿನ್ನುವವನು. ಅವನು ನೋಡಬೇಕಾದದ್ದು ಎದುರಾಳಿಯ ಹೆಗಲನ್ನು. ಮುಷ್ಟಿಯನ್ನೇ ನೋಡುತ್ತಿದ್ದರೆ ಕಣ್ಣು ಮೊದಲೇ ಪಿಳುಕುತ್ತದೆ, ಆ ಪಿಳುಕು ತೆರೆಯ ಮೇಲೆ ಗುದ್ದಿಗಿಂತ ದೊಡ್ಡದಾಗಿ ಕಾಣುತ್ತದೆ. ಹೊಡೆಯುವವನು ಉಸಿರನ್ನು ‘ಹಾ’ ಎಂದು ಬಿಟ್ಟರೆ ಅದೇ ಸನ್ನೆ. ಮುಷ್ಟಿ ಮೂಗಿನ ನೇರಕ್ಕೆ ಬಂದ ಕ್ಷಣ ಗದ್ದ ತಿರುಗಬೇಕು, ಮುಷ್ಟಿ ಹೋದ ದಿಕ್ಕಿಗೇ. ವಿರುದ್ಧ ದಿಕ್ಕಿಗೆ ತಿರುಗುವವರು ಎಷ್ಟು ಜನ ಎಂದರೆ, ರಿಹರ್ಸಲ್‌ನಲ್ಲಿ ಇದೊಂದನ್ನೇ ಹತ್ತು ಸಲ ಮಾಡಿಸಬೇಕು. ಗದ್ದದ ಹಿಂದೆ ಹೆಗಲು, ಹೆಗಲ ಹಿಂದೆ ಸೊಂಟ, ಕಡೆಗೆ ಕಾಲು. ಹೊಸಬರು ಕಾಲಿನಿಂದ ಶುರುಮಾಡಿ ಹಿಂದಕ್ಕೆ ನೆಗೆಯುತ್ತಾರೆ. ಆಗ ಏಟು ಬಿದ್ದಂತಲ್ಲ, ಹಾವು ಕಂಡಂತೆ ಕಾಣುತ್ತದೆ. ತಿರುಗಿದ ಮೇಲೆ ಮನಸ್ಸಿನಲ್ಲೇ ‘ಒಂದು’ ಎಂದು ಎಣಿಸುವವರೆಗೂ ಹಾಗೇ ಇರಲಿ. ಆ ಅರೆಗಳಿಗೆಯಲ್ಲೇ ನೋಡುವವನಿಗೆ ನೋವು ತಲುಪುವುದು. ತಕ್ಷಣ ಮುಖ ಎತ್ತಿ ಮುಂದಿನ ಪಟ್ಟಿಗೆ ಸಿದ್ಧವಾದರೆ ಹೊಡೆದದ್ದೆಲ್ಲ ವ್ಯರ್ಥ.

ಪ್ರತಿ ಗುದ್ದಿಗೂ ಮುನ್ನ ಇಬ್ಬರ ಕಣ್ಣು ಸೇರಬೇಕು. ಸೇರದಿದ್ದರೆ ಕೈ ಎತ್ತುವುದು ಬೇಡ. ನೇರ ಗುದ್ದಿಗೂ ಇದೇ ನಿಯಮ, ಕ್ಯಾಮೆರಾ ಮಾತ್ರ ಕೈಯ ಸಾಲಿನಲ್ಲೇ ಇರಬೇಕು. ಕಪಾಳಮೋಕ್ಷವನ್ನು ‘ನಿಜವಾಗಿಯೇ ಹೊಡೆದುಬಿಡೋಣ, ಚೆನ್ನಾಗಿ ಬರುತ್ತೆ’ ಎನ್ನುವವರಿದ್ದಾರೆ. ಅಂಗೈ ಕಿವಿಗೆ ಬಡಿದರೆ ತಮಟೆ ಹರಿಯಬಹುದು. ಬೇಡವೇ ಬೇಡ.

ಒದೆತ ಮತ್ತು ಧೂಳು

ಎದೆ, ಹೊಟ್ಟೆಯ ಒದೆತಕ್ಕೆ ಅಂಗಿಯೊಳಗೆ ಪ್ಯಾಡ್ ಕಟ್ಟಿ, ಪಾದ ತಾಗಿಸಿ ನೂಕಬಹುದು. ಪಾದ ತಾಗುವಲ್ಲಿ ಒಂದು ಚಮಚ ಮುಲ್ತಾನಿ ಮಿಟ್ಟಿ ಸವರಿ, ಹಿಂದಿನಿಂದ ಒಂದು ಲೈಟ್ ಕೊಡಿ. ಧೂಳು ಚಿಮ್ಮಿದಾಗ ಹೊಡೆತ ಕಣ್ಣಿಗೆ ಸಿಗುತ್ತದೆ. ಹಾಂಗ್‌ಕಾಂಗ್‌ನವರ ಹಳೆಯ ಉಪಾಯ ಇದು. ಖಾಕಿಯ ಮೇಲೆ ಅಷ್ಟಾಗಿ ಎದ್ದು ಕಾಣದು, ರೌಡಿಗೆ ಕಪ್ಪು ಅಂಗಿ ಹಾಕಿ. ಮುಲ್ತಾನಿ ಮಿಟ್ಟಿಯ ಬದಲು ಬೇರೆ ಪುಡಿ ಬೇಡ. ಹೋಳಿ ಬಣ್ಣದ ಕಲೆ ಮುಂದಿನ ಶಾಟಿನಲ್ಲೂ ಉಳಿಯುತ್ತದೆ. ಸಿಮೆಂಟ್ ಕಣ್ಣು ಸುಡುತ್ತದೆ.

ಬೀಳುವ ಜಾಗಕ್ಕೆ ಸ್ಪ್ರಿಂಗ್ ಹಾಸಿಗೆ ಹಾಕಿದರೆ ನಟ ಪುಟಿದೇಳುತ್ತಾನೆ. ಫೋಮ್ ಮ್ಯಾಟ್ ಬಳಸಿ. ಸೊಂಟದೆತ್ತರಕ್ಕಿಂತ ಮೇಲಿಂದ ಬೀಳುವ ದೃಶ್ಯವನ್ನು ಕಥೆಯಿಂದಲೇ ತೆಗೆದುಹಾಕಿ. ರೋಪ್, ಕ್ರೇನ್ ಹವ್ಯಾಸಿಗಳ ಕೆಲಸವಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ಚಿತ್ರೀಕರಣದ ವೇಳೆ ಹೈಟೆನ್ಷನ್ ತಂತಿಯ ವಿದ್ಯುತ್ ತಗುಲಿ ಫೈಟರ್ ಒಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿದ್ದುದು ವೃತ್ತಿಪರರ ತಂಡ.

ವೇಗ ಮತ್ತು ಕತ್ತರಿ

ಫಿಲ್ಮ್ ಕಾಲದಲ್ಲಿ ಸೆಕೆಂಡಿಗೆ 24ರ ಬದಲು 22 ಫ್ರೇಮ್ ತೆಗೆದು ವೇಗ ಹೆಚ್ಚಿಸುತ್ತಿದ್ದರು. ಈಗ ಎಡಿಟಿಂಗ್‌ನಲ್ಲಿ ಶೇ 108–110 ಮಾಡಿದರೆ ಅದೇ ಫಲ. ಶೇ 115 ದಾಟಿದರೆ ಮೂಕಿಚಿತ್ರದ ಹಾಸ್ಯವಾಗುತ್ತದೆ. ಹಿನ್ನೆಲೆಯಲ್ಲಿ ಜನ ನಡೆಯುತ್ತಿದ್ದರೆ ವೇಗ ಮುಟ್ಟಲೇಬೇಡಿ. ಟ್ಯೂಬ್‌ಲೈಟ್ ಇರುವ ಗೋದಾಮಿನಲ್ಲಿ ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50 ಅಥವಾ 1/100 ಇರಲಿ, ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಬೇರೆ ಅಂಕಿ ಇಟ್ಟರೆ ಚಿತ್ರ ಮಿನುಗಬಹುದು.

ಒಂದು ಶಾಟಿನಿಂದ ಇನ್ನೊಂದಕ್ಕೆ ಏಟಿನ ಕ್ಷಣದಲ್ಲೇ ಕತ್ತರಿಸಿ. ಎರಡನೇ ಶಾಟ್ 2–3 ಫ್ರೇಮ್ ಹಿಂದಿನಿಂದ, ಅಂದರೆ ಮುಷ್ಟಿ ಇನ್ನೂ ತಲುಪದ ಜಾಗದಿಂದ ಶುರುವಾಗಲಿ. ಶಾಟ್ ಬದಲಾದಾಗ ಕಣ್ಣು ಅಷ್ಟನ್ನು ಕಳೆದುಕೊಂಡಿರುತ್ತದೆ. ಮೂರು ಏಟಿಗೊಮ್ಮೆ ಕತ್ತರಿ ಸಾಕು. ಏಟಿಗೊಂದು ಕತ್ತರಿ ಹಾಕಿ ಕ್ಯಾಮೆರಾ ಅಲುಗಾಡಿಸುವುದು, ಪಟ್ಟು ಬಾರದವರು ಹುಳುಕು ಮುಚ್ಚುವ ದಾರಿ.

ಸದ್ದನ್ನು ಯೂಟ್ಯೂಬಿನ ಉಚಿತ ‘ಪಂಚ್ ಪ್ಯಾಕ್’ನಿಂದ ಎತ್ತಬೇಡಿ, ಹತ್ತು ಏಟಿಗೂ ಒಂದೇ ದನಿ ಕೇಳುತ್ತದೆ. ಒದ್ದೆ ಟವೆಲನ್ನು ಒಗೆಯುವ ಕಲ್ಲಿಗೆ ಬಡಿದು ಫೋನಿನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಹೊಟ್ಟೆಯ ಏಟಿಗೆ ದಿಂಬು, ಮೂಳೆ ಮುರಿತಕ್ಕೆ ಕ್ಯಾರೆಟ್. ಕಡೆಯ ಏಟನ್ನು ಬಿಟ್ಟು ಉಳಿದವೆಲ್ಲ ನೀವು ಅಂದುಕೊಂಡದ್ದಕ್ಕಿಂತ ಮೆಲ್ಲಗಿರಲಿ.