ಟರ್ಕಿ ಕೋಳಿ ಯಾವ ಮರದಲ್ಲಿ ಮಲಗಿದೆ? ಸಂಜೆಯೇ ಪತ್ತೆ ಮಾಡಿ

ನಾಟಿಕೋಳಿ ಸಾಕಿದ ಮನೆಯವರಿಗೆ ಇದು ಗೊತ್ತು. ಸಂಜೆ ಬೆಳಕು ಇಳಿಯುತ್ತಿದ್ದಂತೆ ಒಂದೆರಡು ಹಟಮಾರಿ ಕೋಳಿಗಳು ಗೂಡಿಗೆ ಹೋಗದೆ ಅಂಗಳದ ಪೇರಲೆ ಮರ ಹತ್ತಿ ಕೂತುಬಿಡುತ್ತವೆ. ಇಳಿಸಲು ಹೋದರೆ ಇನ್ನೂ ಮೇಲಿನ ಕೊಂಬೆಗೆ ಹೋಗುತ್ತವೆ. ನವಿಲೂ ಅಷ್ಟೇ, ರಾತ್ರಿ ಮರದ ಮೇಲೆಯೇ. ಅಮೆರಿಕದ ಕಾಡು ಟರ್ಕಿಯೂ ಇದೇ ಕುಟುಂಬದ ಹಕ್ಕಿ. ಹಗಲಿಡೀ ನೆಲದಲ್ಲಿ ನಡೆಯುತ್ತದೆ, ಕೆದಕುತ್ತದೆ, ಓಡುತ್ತದೆ. ಕತ್ತಲಾದರೆ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕಯೋಟಿ (ತೋಳದಂಥ ಕಾಡುನಾಯಿ), ನರಿ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಓಡಾಡುವ ನೆಲದಲ್ಲಿ ಮಲಗಿದರೆ ಬೆಳಗಾಗುವುದು ಕಷ್ಟ. ಹಾಗಾಗಿ ಮರ ಹತ್ತುತ್ತದೆ.

ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಪ್ರತಿ ವಸಂತದಲ್ಲೂ ಇಲ್ಲಿನ ಕಾಡಿಗೆ ಟರ್ಕಿ ಬೇಟೆಗೆ ಹೋಗುತ್ತೇನೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ, ಇರಲೂಬಾರದು. ಇಲ್ಲಿ ಲೈಸೆನ್ಸ್, ತರಬೇತಿ, ಸೀಸನ್, ಒಬ್ಬರಿಗೆ ಎಷ್ಟು ಹಕ್ಕಿ ಎಂಬ ಲೆಕ್ಕ ಎಲ್ಲವೂ ಇದೆ. ಇತ್ತೀಚೆಗೆ ಇಲ್ಲಿನ ಕೆಲವು ಕನ್ನಡ ಗೆಳೆಯರು ಆಸಕ್ತಿಯಿಂದ ಕೇಳುತ್ತಿದ್ದಾರೆ. ಎಲ್ಲರೂ ಮೊದಲು ಕೇಳುವುದು ಬಂದೂಕಿನ ಬಗ್ಗೆ. ನಾನು ಹೇಳುವುದು ಒಂದೇ: ಮೊದಲು ಮರ ಹುಡುಕಿ. ಟರ್ಕಿಯ ದಿನ ಶುರುವಾಗುವುದೂ ಮುಗಿಯುವುದೂ ಅದು ಕೂರುವ ಮರದಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ರೂಸ್ಟ್ ಅನ್ನುತ್ತಾರೆ.

ಮೊದಲು ನೆಲ ನೋಡಿ

ಸೀಸನ್ನಿಗೆ ಎರಡು ಮೂರು ವಾರ ಮುಂಚೆ, ನಡು ಹಗಲಲ್ಲಿ ಕಾಡಿಗೆ ಹೋಗಿ. ಆ ಹೊತ್ತಿಗೆ ಹಕ್ಕಿಗಳು ಮೇಯಲು ದೂರ ಹೋಗಿರುತ್ತವೆ, ನೀವು ಅವಕ್ಕೆ ತೊಂದರೆ ಕೊಡುವುದಿಲ್ಲ.

ದೊಡ್ಡ ಮರದ ಬುಡದಲ್ಲಿ ಹಿಕ್ಕೆ ಒಂದೇ ಕಡೆ ಜಾಸ್ತಿ ಬಿದ್ದಿದೆಯಾ ನೋಡಿ. ಒಂದೊಂದು ಅಲ್ಲಲ್ಲಿ ಬಿದ್ದಿದ್ದರೆ ಅದು ನಡೆದು ಹೋದ ದಾರಿ. ಕೊಂಬೆಯ ನೇರ ಕೆಳಗೆ ರಾಶಿಯಾಗಿ ಬಿದ್ದಿದ್ದರೆ ಮೇಲೆ ಹಕ್ಕಿ ಮಲಗುತ್ತದೆ ಎಂದರ್ಥ. ಹಿಕ್ಕೆಯನ್ನು ಬಗ್ಗಿ ನೋಡಿ. ಉದ್ದಕ್ಕಿದ್ದು ತುದಿ ಕೊಕ್ಕೆಯಂತೆ ಬಾಗಿದ್ದರೆ ಗಂಡಿನದು. ಸುರುಳಿ ಸುತ್ತಿ ಮುದ್ದೆಯಂತಿದ್ದರೆ ಹೆಣ್ಣಿನದು. ಎದೆಯ ಗರಿ ಸಿಕ್ಕಿದರೂ ಹೇಳಬಹುದು: ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಗಂಡು, ಕಂದು ಬಣ್ಣ ಇದ್ದರೆ ಹೆಣ್ಣು. ಒಣ ತರಗೆಲೆಯನ್ನು ಯಾರೋ ಕೈಯಲ್ಲಿ ಬಾಚಿ ಹಿಂದಕ್ಕೆ ತಳ್ಳಿದ ಹಾಗೆ ಕಂಡರೆ, ಅಲ್ಲಿ ಓಕ್ ಕಾಯಿಗೋ ಹುಳಕ್ಕೋ ಕೆದಕಿದ್ದಾವೆ.

ಎಂಥ ಮರ? ನೆಲದಿಂದ ಎತ್ತರದಲ್ಲಿ, ನೆಲಕ್ಕೆ ಸಮವಾಗಿ ಚಾಚಿದ ಗಟ್ಟಿ ಕೊಂಬೆ ಇರಬೇಕು. ಆರೇಳು ಕಿಲೋದಿಂದ ಹತ್ತು ಕಿಲೋ ತೂಗುವ ಗಂಡು ಹಕ್ಕಿಗೆ ಸಣ್ಣ ರೆಂಬೆ ಸಾಲುವುದಿಲ್ಲ. ನಮ್ಮ ಕಡೆ ಓಕ್, ಟ್ಯುಲಿಪ್ ಪಾಪ್ಲರ್, ಬಿಳಿ ಪೈನ್ ಜಾಸ್ತಿ. ಗಾಳಿ, ಮಳೆ, ಹಿಮದ ರಾತ್ರಿಗಳಲ್ಲಿ ಪೈನ್, ಹೆಮ್ಲಾಕ್‌ನಂಥ ಹಸಿರೆಲೆಯ ದಟ್ಟ ಮರಗಳಿಗೆ ಹೋಗುತ್ತವೆ, ಗುಡ್ಡದ ಮರೆಯ ಇಳಿಜಾರಿನ ಕಡೆ ಸರಿಯುತ್ತವೆ.

ಇಳಿಜಾರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಬೇಟೆ ನಿಂತಿರುವುದೇ ಅದರ ಮೇಲೆ. ಇಷ್ಟು ಭಾರದ ಹಕ್ಕಿಗೆ ಬುಡದಿಂದ ನೆಟ್ಟಗೆ ಮೇಲಕ್ಕೆ ಹಾರುವುದು ಶ್ರಮ. ಅದಕ್ಕೇ ಗುಡ್ಡದ ಮೇಲಿನ ಬದಿಗೆ ನಡೆದು ಹೋಗಿ, ಅಲ್ಲಿಂದ ಕೆಳಗಿರುವ ಮರದ ಕೊಂಬೆಗೆ ಹೆಚ್ಚು ಕಡಿಮೆ ಸಮಮಟ್ಟದಲ್ಲಿ ಹಾರಿ ಕೂರುತ್ತದೆ. ಬೆಳಿಗ್ಗೆ ಇಳಿಯುವಾಗಲೂ ಹೆಚ್ಚಾಗಿ ಅದೇ ಮೇಲಿನ ಬದಿಗೆ ಇಳಿಯುತ್ತದೆ. ಮರ ಸಿಕ್ಕ ಮೇಲೆ ಅದರ ಮೇಲ್ಬದಿಯ ತೆರೆದ ಜಾಗ, ಮರ ಸಾಗಿಸುತ್ತಿದ್ದ ಹಳೇ ಲಾಗಿಂಗ್ ರಸ್ತೆ, ಹುಲ್ಲುಬಯಲು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ.

ಎಲ್ಲ ಟರ್ಕಿಗಳೂ ಒಂದೇ ಮರಕ್ಕೆ ದಿನಾ ಬರುವುದಿಲ್ಲ. ಟೆಕ್ಸಾಸ್ ಕಡೆಯ ರಿಯೋ ಗ್ರಾಂಡೆ ತಳಿಗೆ ಮರ ಕಡಿಮೆ, ಹಾಗಾಗಿ ಹಳ್ಳದ ದಂಡೆಯ ಕಾಟನ್‌ವುಡ್ ಸಾಲಿಗೆ ಹಿಂಡು ಹಿಂಡಾಗಿ ವರ್ಷಗಟ್ಟಲೆ ಬರುತ್ತವೆ. ಪೂರ್ವದ ಕಾಡಿನಲ್ಲಿ ಮರಕ್ಕೆ ಬರವಿಲ್ಲ. ನಮ್ಮ ಹಕ್ಕಿ ಇವತ್ತು ಈ ದಿಣ್ಣೆ, ನಾಳೆ ಆಚೆ ದಿಣ್ಣೆ. ಅದಕ್ಕೇ ಮುಂದಿನ ಹೆಜ್ಜೆ ಬೇಕು.

ಹಿಂದಿನ ಸಂಜೆ ಕಿವಿ ಕೊಡಿ

ಮೇ ತಿಂಗಳ ಶುರುವಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಸುಮಾರಿಗೆ. ಅದಕ್ಕೆ ಅರ್ಧ ಗಂಟೆ ಮೊದಲೇ ದೂರದ ದಿಣ್ಣೆಯ ಮೇಲೆ ನಿಂತಿರಿ. ಕಾಡಿನ ಒಳಗೆ ಹೋಗಬೇಡಿ.

ಮೊದಲು ಸುಮ್ನೆ ಕೇಳಿ. ಟರ್ಕಿ ಮರಕ್ಕೆ ಹಾರುವ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಒದ್ದೆ ಗೋಣಿಚೀಲವನ್ನು ಜೋರಾಗಿ ಕೊಡವಿದ ಹಾಗೆ ನಾಲ್ಕೈದು ಬಡಿತ, ಆಮೇಲೆ ರೆಂಬೆ ಮುರಿಯುವ ಸದ್ದು. ಸ್ವಲ್ಪ ಹೊತ್ತು ಕೊಂಬೆಯಿಂದ ಕೊಂಬೆಗೆ ಜಾಗ ಬದಲಿಸುತ್ತವೆ, ಒಂದನ್ನೊಂದು ತಳ್ಳುತ್ತವೆ. ಕತ್ತಲಾದ ಮೇಲೆ ಪೂರ್ತಿ ಮೌನ.

ಸದ್ದು ಕೇಳದಿದ್ದರೆ ಗೂಬೆಯ ಕೂಗು ಹಾಕಿ. ಇಲ್ಲಿನ ಬಾರ್ಡ್ ಔಲ್ ಎಂಬ ಗೂಬೆಯ ಎಂಟು ಸ್ವರದ ಕೂಗಿಗೆ ಗಂಡು ಟರ್ಕಿ ತಡೆಯಲಾರದೆ ಗಳಗಳ ಎಂದು ಉತ್ತರ ಕೊಡುತ್ತದೆ. ಕಾಗೆಯ ಕೂಗು, ಗುಡುಗು, ಕಾರಿನ ಬಾಗಿಲು ಬಡಿದ ಸದ್ದಿಗೂ ಹಾಗೇ ಮಾಡುತ್ತದೆ. ಮೋಡ ಗುಡುಗಿದರೆ ನಮ್ಮ ನವಿಲು ಕೂಗುತ್ತದಲ್ವಾ, ಅದೇ ಸ್ವಭಾವ. ಹೆಣ್ಣಿನ ಕೂಗನ್ನು ಮಾತ್ರ ಸಂಜೆ ಹಾಕಬೇಡಿ. ಅದು ಬೆಳಗಿನ ಮಾತು.

ದಿಕ್ಕು ಗೊತ್ತಾಯಿತೆಂದರೆ ಸದ್ದಿಲ್ಲದೆ ಮನೆಗೆ ಬನ್ನಿ. ಇನ್ನಷ್ಟು ಹತ್ತಿರ ಹೋಗಿ ಕಣ್ಣಾರೆ ನೋಡಬೇಕೆನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಕತ್ತಲಲ್ಲಿ ಬೆದರಿ ಹಾರಿದ ಹಕ್ಕಿ ಎಲ್ಲಿ ಕೂರಬೇಕೆಂದು ತಿಳಿಯದೆ ಕೊಂಬೆಗೆ ಬಡಿದುಕೊಳ್ಳಬಹುದು, ನೆಲಕ್ಕೆ ಬಿದ್ದರೆ ಕಯೋಟಿ ಬಾಯಿಗೆ. ಕಾಡು ಕಡಿದು, ಲೆಕ್ಕವಿಲ್ಲದೆ ಹೊಡೆದು, 1930ರ ದಶಕದ ಹೊತ್ತಿಗೆ ಈ ಹಕ್ಕಿ ದೇಶದ ಬಹುಪಾಲು ಕಡೆ ಅಳಿದೇಹೋಗಿತ್ತು. ಫಾರ್ಮಿನಲ್ಲಿ ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಅವು ಬದುಕಲಿಲ್ಲ. 1937ರ ಪಿಟ್ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬಂದೂಕು ಮತ್ತು ಮದ್ದುಗುಂಡಿನ ತೆರಿಗೆ ಹಣ ವನ್ಯಜೀವಿ ಕೆಲಸಕ್ಕೆ ಬಂತು. 1950ರ ದಶಕದಿಂದ ಫಿರಂಗಿಯಂತೆ ಸಿಡಿದು ಹರಡುವ ಬಲೆಗಳಲ್ಲಿ ಕಾಡಿನ ಹಕ್ಕಿಗಳನ್ನೇ ಹಿಡಿದು ಬೇರೆ ಬೇರೆ ರಾಜ್ಯಗಳ ಕಾಡಿಗೆ ಬಿಟ್ಟರು. ಹೀಗೆ ಉಳಿಸಿಕೊಂಡ ಹಕ್ಕಿ ಇದು. ಅದರ ರಾತ್ರಿ ನಿದ್ದೆಗೆ ನಾವು ಕೈ ಹಾಕಬಾರದು.

ಬೆಳಗಿನ ಕತ್ತಲಲ್ಲಿ ಮರಸು

ಸೂರ್ಯ ಹುಟ್ಟಲು ಒಂದು ಗಂಟೆ ಇರುವಾಗಲೇ ಕೂತಿರಬೇಕು. ಅಡಗಿ ಕೂತು ಬೇಟೆಗೆ ಕಾಯುವುದಕ್ಕೆ ಮಲೆನಾಡಿನಲ್ಲಿ ಹಿಂದೆ ಮರಸು ಕೂರುವುದು ಎನ್ನುತ್ತಿದ್ದರಲ್ಲ, ಹಾಗೆ. ಟಾರ್ಚ್ ಹಾಕುವುದಾದರೆ ನೆಲಕ್ಕೆ ಮಾತ್ರ.

ಎಷ್ಟು ಹತ್ತಿರ? ಎಲೆ ಚಿಗುರದ ಏಪ್ರಿಲ್ ಕಾಡಾದರೆ 150 ಮೀಟರಿಗಿಂತ ಹತ್ತಿರ ಹೋಗಲು ನನಗೆ ಧೈರ್ಯವಿಲ್ಲ. ಎಲೆ ತುಂಬಿದ ಮೇಲೆ 100 ಮೀಟರ್. ಮೊದಲ ವರ್ಷ ನಾನು 50 ಮೀಟರಿಗೆ ಹೋಗಿ ಕೂತೆ. ನಸುಬೆಳಕಿನಲ್ಲಿ ಕೊಂಬೆಯ ಮೇಲೆ ದೊಡ್ಡ ಗಡಿಗೆಯಂಥ ಕಪ್ಪು ಆಕಾರ ಕಂಡಿತು. ಕತ್ತು ಮೆಲ್ಲಗೆ ಉದ್ದವಾಯಿತು. ನಾನು ಕೈಗವಸು ಸರಿಪಡಿಸಲು ಬೆರಳು ಆಡಿಸಿದೆ, ಅಷ್ಟೇ. ಪಟ್ ಎಂದು ಒಂದು ಗಡುಸು ಸದ್ದು ಮಾಡಿ ಕಣಿವೆಯ ಆಚೆ ಹಾರಿಹೋಯಿತು. ಆ ‘ಪಟ್’ ಅಪಾಯದ ಕೂಗು. ಅದು ಕೇಳಿದರೆ ಆ ಹಕ್ಕಿಯ ಮಟ್ಟಿಗೆ ಬೇಟೆ ಮುಗಿಯಿತು. ಟರ್ಕಿಯ ಮೂಗು ಚುರುಕಲ್ಲ. ಕಣ್ಣು ಮಾತ್ರ ಬಹಳ ಚುರುಕು, ಬಣ್ಣವೂ ಕಾಣುತ್ತದೆ, ತಲೆಯ ಎರಡೂ ಬದಿಗೆ ಕಣ್ಣಿರುವುದರಿಂದ ಬೆನ್ನ ಹಿಂದಿನ ಸ್ವಲ್ಪ ಭಾಗ ಬಿಟ್ಟು ಎಲ್ಲವೂ ಕಾಣುತ್ತದೆ.

ಕೂರುವುದು ಹಕ್ಕಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ. ಕೆಳಗೆ ಕೂತು ಕರೆದರೆ ಬರುವುದು ಕಷ್ಟ. ನಡುವೆ ಹಳ್ಳ, ಬೇಲಿ ಇರದಂತೆ ನೋಡಿಕೊಳ್ಳಿ. ಹಾರಿ ದಾಟಬಲ್ಲ ಹಕ್ಕಿ ಅದು, ಆದರೂ ಎಷ್ಟೋ ಸಲ ಆಚೆ ದಡದಲ್ಲೇ ನಿಂತು ಕೂಗುತ್ತದೆ.

ಬೆಳಕು ಹರಿಯುವಾಗ ಗಂಡು ಮರದ ಮೇಲಿಂದಲೇ ಕೂಗಲು ಶುರು ಮಾಡುತ್ತದೆ. ಆಗ ಕಡ್ಡಿಯಿಂದ ಉಜ್ಜಿ ಹೆಣ್ಣಿನ ದನಿ ಹೊರಡಿಸುವ ಸ್ಲೇಟ್ ಅಥವಾ ಬಾಯಲ್ಲಿಟ್ಟು ಊದುವ ಡಯಾಫ್ರಮ್‌ನಲ್ಲಿ, ನಿದ್ದೆಗಣ್ಣಿನ ಹೆಣ್ಣು ಗೊಣಗಿದಷ್ಟು ಮೆಲ್ಲಗೆ, ಮೂರು ನಾಲ್ಕು ಸ್ವರ. ಉತ್ತರ ಬಂತಾ? ಸಾಕು, ಸುಮ್ಮನಿರಿ. ಜಾಸ್ತಿ ಕರೆದರೆ ಗಂಡು ಮರದ ಮೇಲೇ ಉಳಿದು ಹೆಣ್ಣು ಬರಲಿ ಎಂದು ಕಾಯುತ್ತದೆ. ಟರ್ಕಿಗಳಲ್ಲಿ ಗಂಡು ಕೂಗುವುದು, ಹೆಣ್ಣು ನಡೆದು ಹೋಗುವುದು ಪದ್ಧತಿ. ನಾವು ಕೇಳುತ್ತಿರುವುದು ತಿರುಗುಮುರುಗು. ಹಕ್ಕಿಗಳು ಇಳಿಯುವ ಹೊತ್ತಿಗೆ ಟೋಪಿಯನ್ನು ತೊಡೆಗೆ ಬಡಿದು ರೆಕ್ಕೆ ಸದ್ದು ಮಾಡಿ, ಹೆಣ್ಣು ಇಳಿಯುವಾಗಿನ ಕೇಕೆ ಹಾಕಿ. ಒಂದು ಹೆಣ್ಣು ಆಗಲೇ ನೆಲಕ್ಕಿಳಿದಿದೆ ಎಂದು ಅದು ನಂಬಬೇಕು.

ಮರದ ಮೇಲಿರುವ ಹಕ್ಕಿಗೆ ಗುರಿ ಇಡಬೇಡಿ. ಎಷ್ಟೋ ರಾಜ್ಯಗಳಲ್ಲಿ ಅದು ಅಪರಾಧ. ಕಾನೂನು ಏನೇ ಇರಲಿ, ಮಲಗಿದ ಹಕ್ಕಿಯನ್ನು ಹೊಡೆಯುವುದನ್ನು ನಾನು ಬೇಟೆ ಎನ್ನುವುದಿಲ್ಲ.

ಇದನ್ನು ತಪ್ಪದೆ ಓದಿ

ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣ ನಿಮ್ಮ ಬಟ್ಟೆಯಲ್ಲಿ, ಕಾಲುಚೀಲದಲ್ಲೂ ಇರಬಾರದು. ನಿಮ್ಮ ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಟರ್ಕಿ ಕೂಗಿದ ಕಡೆಗೆ ನುಸುಳಿಕೊಂಡು ಹೋಗಬೇಡಿ, ಅಲ್ಲಿ ಕೂಗುತ್ತಿರುವುದು ನಿಮ್ಮ ಹಾಗೇ ಕೂತ ಇನ್ನೊಬ್ಬ ಮನುಷ್ಯನಿರಬಹುದು. ಪೆನ್ಸಿಲ್ವೇನಿಯಾದಲ್ಲಿ ವಸಂತದಲ್ಲಿ ಕೂಗಿ ಕರೆದು ಮಾತ್ರ ಬೇಟೆಯಾಡಬಹುದು, ನುಸುಳಿ ಹೋಗುವಂತಿಲ್ಲ. ಯಾರಾದರೂ ಬರುತ್ತಿದ್ದರೆ ಕೈ ಬೀಸಬೇಡಿ, ಜೋರಾಗಿ ಮಾತಾಡಿ.

ಎದೆಯಿಂದ ಜೋಲುವ ಗಡ್ಡ (ಕೂದಲಿನಂಥ ಗರಿಗಳ ಗೊಂಚಲು) ಇರುವ ಹಕ್ಕಿಗೆ ಮಾತ್ರ ವಸಂತದಲ್ಲಿ ಇಲ್ಲಿ ಅನುಮತಿ. ಕೆಲವು ಹೆಣ್ಣುಗಳಿಗೂ ಗಡ್ಡ ಬರುತ್ತದೆ. ಕಾನೂನು ಒಪ್ಪಿದರೂ ಅವನ್ನು ಬಿಟ್ಟುಬಿಡಿ, ಮೊಟ್ಟೆಗಳ ಕಾಲ ಅದು. ವೀಸಾದ ಮೇಲೆ ಇರುವವರಿಗೆ ಬಂದೂಕಿನ ಕಾನೂನು ಬೇರೆ, ಮುಟ್ಟುವ ಮೊದಲು ವಿಚಾರಿಸಿ.

ಅದು ಬೇರೆ ಕಡೆ ಹೋದರೆ

ಬಹಳಷ್ಟು ಬೆಳಿಗ್ಗೆ ಹೀಗೇ ಆಗುತ್ತದೆ. ಮರ ಹತ್ತಿದ್ದು ನೋಡಿ ಒಲೆ ಹತ್ತಿಸಬೇಡ ಎಂಬ ಅರ್ಥದ ಮಾತು ಇಲ್ಲಿನ ಹಳೇ ಬೇಟೆಗಾರರಲ್ಲಿದೆ. ಗಂಡು ಇಳಿದು, ಜೊತೆಗೆ ಮಲಗಿದ್ದ ಹೆಣ್ಣುಗಳ ಹಿಂದೆ ನಡೆದುಬಿಡುತ್ತದೆ. ಬೆನ್ನು ಹತ್ತಬೇಡಿ. ಎಲ್ಲಿ ಕೊನೆಯ ಸಲ ಕೂಗಿತು ಎಂದು ಗುರುತಿಟ್ಟುಕೊಳ್ಳಿ. ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಹೆಣ್ಣುಗಳು ಒಂದೊಂದಾಗಿ ಮೊಟ್ಟೆ ಇಡಲು ಗೂಡಿನ ಕಡೆ ಜಾರಿಕೊಳ್ಳುತ್ತವೆ. ಗಂಡು ಒಂಟಿಯಾಗುತ್ತದೆ. ಬೆಳಿಗ್ಗೆ ತನ್ನನ್ನು ಕರೆದ ಹೆಣ್ಣಿನ ಜಾಗ ಅದಕ್ಕೆ ನೆನಪಿರುತ್ತದೆ. ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಬೆಳಿಗ್ಗೆ ನೀವು ಕೂತು ಕರೆದ ಮರದ ಬುಡಕ್ಕೇ ವಾಪಸ್ ಬಂದು ಕೂರಿ, ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮೆಲ್ಲಗೆ ಕರೆಯಿರಿ. ಈ ಸಲ ಅದು ಕೂಗದೆ ಬರಬಹುದು. ಕಿವಿಯನ್ನು ತರಗೆಲೆಯ ಸದ್ದಿಗೆ ಇಡಿ.