ಹೊಂಡದ ಮೀನಿಗೆ ಮಣ್ಣಿನಡಿಯ ಪೈಪಿನಲ್ಲಿ ಗಾಳಿ

ಪುಣೆಯಲ್ಲಿ ನೌಕರಿ, ದೌಂಡ್ ಅಥವಾ ಇಂದಾಪುರದ ಕಡೆ ಒಂದಿಷ್ಟು ಹೊಲ. ಹೊಲದಲ್ಲಿ ಶೇತತಳೆ, ಅಂದರೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ನೀರು ಹೇಗೂ ನಿಂತಿದೆಯಲ್ಲ ಅಂತ ಕಟ್ಲಾ, ರೋಹು ಮರಿ ಬಿಡುತ್ತೇವೆ. ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ ಅಂತಲೇ ಲೆಕ್ಕ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ಅದನ್ನೇ ಬಳಸಿಕೊಳ್ಳುತ್ತದೆ.

ಇದಕ್ಕೆ ಒಂದು ದಾರಿ ಹೀಗಿದೆ. ಗಾಳಿ ತಳ್ಳುವ ಕಾಂಪ್ರೆಸರ್ ಶೆಡ್ಡಿನಲ್ಲಿ, ಪೈಪು ಮಣ್ಣಿನಡಿ, ಗುಳ್ಳೆ ಬಿಡುವ ಡಿಫ್ಯೂಸರ್ ಹೊಂಡದ ತಳದಲ್ಲಿ. ಕರೆಂಟು ನೀರಿನ ಹತ್ತಿರ ಸುಳಿಯುವುದೇ ಇಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಲಾಭ.

ಕಾಂಪ್ರೆಸರ್ ಕೊಳ್ಳುವಾಗ ಆಳ ನೋಡಿ ಕೊಳ್ಳಿ. ಪ್ರತಿ ಮೀಟರ್ ನೀರಿಗೆ 0.1 ಬಾರ್ ಒತ್ತಡ ಬೇಕು. 3 ಮೀಟರ್ ಹೊಂಡಕ್ಕೆ 0.3 ಆಯಿತು. ಪೈಪು, ಡಿಫ್ಯೂಸರ್ ತಿನ್ನುವುದನ್ನೂ ಸೇರಿಸಿದರೆ 0.5 ಬಾರ್‌ನಲ್ಲಿ ಆರಾಮಾಗಿ ಓಡುವ ಯಂತ್ರ ಇರಲಿ. ಎಣ್ಣೆ ಹಾಕುವ ಕಾಂಪ್ರೆಸರ್ ಬೇಡ, ಎಣ್ಣೆ ಗಾಳಿಯ ಜೊತೆ ನೀರಿಗೆ ಹೋಗುತ್ತದೆ.

ಪೈಪಿಗೆ 25 ಅಥವಾ 32 ಎಂಎಂ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಸುರುಳಿ ಸಾಕು. ಡ್ರಿಪ್ಪಿಗೆ ತಂದು ಉಳಿದ ತೆಳು ಪೈಪು (ಲ್ಯಾಟರಲ್) ಇದೆಯಲ್ಲ ಅಂತ ಅದನ್ನೇ ಹೂಳಬೇಡಿ, ಮಣ್ಣಿನ ಭಾರಕ್ಕೆ ಚಪ್ಪಟೆಯಾಗುತ್ತದೆ. ಕಾಂಪ್ರೆಸರ್‌ನಿಂದ ಗಾಳಿ ಬಿಸಿಯಾಗಿ ಬರುವುದರಿಂದ ಮೊದಲ ಒಂದೆರಡು ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕಿ. ಅದರ ಮುಂದೆ ಒಂದೇ ದಿಕ್ಕಿಗೆ ಬಿಡುವ ಒಂದು ಚೆಕ್ ವಾಲ್ವ್. ಕರೆಂಟು ಹೋದಾಗ ಹೊಂಡದ ನೀರು ಪೈಪಿನಲ್ಲಿ ಹಿಂದೆ ಹರಿದು ಯಂತ್ರಕ್ಕೆ ನುಗ್ಗಬಾರದು, ಅಲ್ವಾ?

ಪೈಪು ಹೂಳುವ ಕಾಲುವೆ ಒಂದೂವರೆ ಅಡಿ ಆಳ ಇರಲಿ. ಟ್ರ್ಯಾಕ್ಟರ್ ದಾಟುವ ಕಡೆ ಎರಡೂವರೆ ಅಡಿ ತೋಡಿ, ಪೈಪನ್ನು ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಿ. ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಅದಕ್ಕೇ ಪೈಪಿನ ಕೆಳಗೂ ಮೇಲೂ ಮರಳೋ ಸಣ್ಣ ಮುರುಮೋ (ಗರಸು) ಹಾಕಬೇಕು.

ಜಾಸ್ತಿ ಕೆಡುವುದು ಇಳಿಜಾರಿನಲ್ಲಿ. ಬಿಸಿ ಗಾಳಿ ತಣ್ಣನೆಯ ಮಣ್ಣಿನಡಿ ಹೋದಾಗ ಅದರ ತೇವ ನೀರಾಗಿ ಪೈಪಿನಲ್ಲೇ ಇಳಿಯುತ್ತದೆ. ಪೈಪು ನಡುವೆ ಎಲ್ಲಾದರೂ ಜೋತು ಬಿದ್ದರೆ ಆ ನೀರು ಅಲ್ಲೇ ನಿಂತು ಗಾಳಿಯನ್ನು ತಡೆಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಗುಳ್ಳೆ ಮಾತ್ರ ತಡೆದು ತಡೆದು ಬರುತ್ತದೆ. ಹಾಗಾಗಿ ಗೌಂಡಿಯ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ನಳಿಕೆ) ಹಿಡಿದು, ಹೊಂಡದ ಕಡೆಗೆ 100 ಅಡಿಗೆ ಒಂದಡಿ ಇಳಿಯುವಂತೆ ಕಾಲುವೆ ತೋಡಿಸಿ. ಜೆಸಿಬಿಯವರ ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಆದರೆ ಹೊಂಡದ ಸುತ್ತ ಏರಿ ಇದೆ, ಪೈಪು ಅದನ್ನು ಹತ್ತಲೇಬೇಕು. ಏರಿಯನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ಕೊರೆದು ಒಳಗೆ ನುಗ್ಗಿಸುವ ಯೋಚನೆ ಬಿಟ್ಟುಬಿಡಿ, ಆ ತೂತು ಸೋರದೆ ಇರುವುದಿಲ್ಲ. ಏರಿಯ ಬುಡವೇ ಪೈಪಿನ ತಗ್ಗು ಜಾಗ ಆಗಲಿ. ಅಲ್ಲಿ ಇಟ್ಟಿಗೆಯ ಸಣ್ಣ ಗುಂಡಿ ಕಟ್ಟಿ, ಪೈಪಿಗೆ T ಆಕಾರದ ಜೋಡಣೆ (ಟೀ) ಹಾಕಿ, ಕೆಳಮುಖವಾಗಿ ಬಾಲ್ ವಾಲ್ವ್ ಕೂರಿಸಿ. ವಾರಕ್ಕೊಮ್ಮೆ ಯಂತ್ರ ಓಡುತ್ತಿರುವಾಗಲೇ ತೆರೆದರೆ ನಿಂತ ನೀರು ಚಿಮ್ಮಿ ಹೋಗುತ್ತದೆ. ಬರೀ ಗಾಳಿ ಬರತೊಡಗಿದಾಗ ಮುಚ್ಚಿ. ಅಲ್ಲಿಂದ ಪೈಪು ಏರಿ ಹತ್ತಿ ಒಳಗೆ ಇಳಿಯಲಿ. ಬಿಸಿಲಿಗೆ ಕಾಣುವ ಭಾಗಕ್ಕೆ ಜಿಐ ಕವಚ ಹಾಕಿದರೆ ಇಲಿ, ಅಳಿಲಿನ ಕಾಟವೂ ತಪ್ಪುತ್ತದೆ.

ಎರಡು ಡಿಫ್ಯೂಸರ್ ಇದ್ದರೆ ಎರಡಕ್ಕೂ ಬೇರೆ ಬೇರೆ ವಾಲ್ವ್ ಬೇಕು. ಇಲ್ಲದಿದ್ದರೆ ಗಾಳಿಯೆಲ್ಲ ಆಳ ಕಡಿಮೆ ಇರುವ ಕಡೆಯೇ ಹೊರಡುತ್ತದೆ. ಡಿಫ್ಯೂಸರ್ ತೇಲದಂತೆ ಭಾರ ಕಟ್ಟಿ, ಆದರೆ ಚೂಪು ಕಲ್ಲು ಹಾಳೆಗೆ ತಾಗದಿರಲಿ.

ಮಣ್ಣು ಮುಚ್ಚುವ ಮೊದಲು ಯಂತ್ರ ಹಚ್ಚಿ, ಪ್ರತಿ ಜಾಯಿಂಟಿಗೂ ಸೋಪಿನ ನೀರು ಬಳಿಯಿರಿ. ನೊರೆ ಉಬ್ಬಿದರೆ ಸೋರುತ್ತಿದೆ ಅಂತ. ಪೈಪು ಹೋದ ದಾರಿಗೆ ಗುರುತಿನ ಕಲ್ಲು ನೆಡಿ, ಮುಂದೆ ನೇಗಿಲು ಹೂಡುವವರಿಗೆ ಬೇಕಾಗುತ್ತದೆ.

ಹಳೆಯ ಹೊಂಡವಾದರೆ ಮೊದಲ ದಿನವೇ ರಾತ್ರಿಯಿಡೀ ಓಡಿಸಬೇಡಿ. ತಳದ ಕೊಳೆತ ನೀರು ಒಮ್ಮೆಲೇ ಮೇಲೆದ್ದರೆ ಮೀನು ಸಾಯಬಹುದು. ಅರ್ಧ ಗಂಟೆಯಿಂದ ಶುರು ಮಾಡಿ, ದಿನಕ್ಕೆ ಎರಡು ಪಟ್ಟು ಮಾಡುತ್ತ ಹೋಗಿ. ಆಮೇಲೆ ನಡುರಾತ್ರಿಯಿಂದ ಬೆಳಗಿನವರೆಗೆ ಓಡಿಸುವುದು ಮುಖ್ಯ. ಮಳೆಗಾಲದ ಮೋಡದ ದಿನಗಳಲ್ಲಿ ಹಗಲೂ ಬೇಕಾದೀತು. ಹೊಲದ ಕರೆಂಟು ಸರದಿಯ ಮೇಲೆ ಬರುವುದಾದರೆ ಇನ್ವರ್ಟರ್ ಮೇಲೆ ಓಡುವ ಚಿಕ್ಕ ಯಂತ್ರವೇ ವಾಸಿ.

ಕಾಂಪ್ರೆಸರ್ ಪಕ್ಕದಲ್ಲಿ ಒಂದು ಪ್ರೆಶರ್ ಗೇಜ್ ಇರಲಿ. ಎಲ್ಲ ಸರಿಯಾಗಿ ಓಡುವ ದಿನದ ಅಂಕಿಯನ್ನು ಗೋಡೆ ಮೇಲೆ ಬರೆದಿಡಿ. ಮುಂದೆ ಮುಳ್ಳು ಅದಕ್ಕಿಂತ ಮೇಲೆ ಹೋದರೆ ಡಿಫ್ಯೂಸರ್ ಕಟ್ಟಿದೆ ಅಥವಾ ಪೈಪಿನಲ್ಲಿ ನೀರು ನಿಂತಿದೆ. ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಹೊಂಡದ ನೀರೇ ಇಳಿದಿದೆ.