ಕಳೆ ಮೆಷಿನ್ ಸ್ಟಾರ್ಟ್ ಆಗದಿದ್ದರೆ ನಾನು ಮೊದಲು ಬಿಚ್ಚುವುದು ಪ್ಲಗ್

ನಮ್ಮ ಸಾಗರದ ಕಡೆ ಮಳೆ ಸ್ವಲ್ಪ ಹೊಳವಾಗುತ್ತಿದ್ದ ಹಾಗೆ ಅಡಿಕೆ ತೋಟಗಳಲ್ಲಿ ಕಳೆ ಹೊಡೆಯುವ ಗಡಿಬಿಡಿ. ಕೊನೆ ಕೊಯ್ಲಿಗೆ ಮೊದಲು ನೆಲ ಚೊಕ್ಕ ಆಗದಿದ್ದರೆ ಉದುರಿದ ಅಡಿಕೆ ಹೆಕ್ಕುವುದು ಹೇಗೆ? ಜೂನ್‌ನಿಂದ ಅಟ್ಟ ಸೇರಿದ್ದ ಪೆಟ್ರೋಲ್ ಮೆಷಿನ್ ಕೆಳಗಿಳಿಯುವುದು ಆಗಲೇ. ಎಷ್ಟು ಹಗ್ಗ ಎಳೆದರೂ ಉಸಿರೆತ್ತದೆ ಕೂರುವುದೂ ಆಗಲೇ.

ಸುತ್ತ ನಿಂತವರ ಬಾಯಲ್ಲಿ ಆಗ ಬರುವುದು ಒಂದೇ ಮಾತು: "ಹೆಗಡೇರೇ, ಕಾರ್ಬೊರೇಟರ್ ಹೋಗಿದೆ." ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ ಅದು. ನಾನು ಕಂಡ ಮಟ್ಟಿಗೆ ಕಾರ್ಬೊರೇಟರ್ ನಿಜಕ್ಕೂ ಹೋಗಿರುವುದು ಕಮ್ಮಿ. ಹೋಗಿದೆ ಅಂದುಕೊಂಡು ಅದರ ಸ್ಕ್ರೂ ತಿರುಗಿಸಿ ಕೆಡಿಸಿದ್ದೇ ಜಾಸ್ತಿ. ಅದಕ್ಕೇ ನಾನು ಅದರ ತಂಟೆಗೆ ಕೊನೆಗೆ ಹೋಗುತ್ತೇನೆ.

ಸ್ವಿಚ್ ಆನ್ ಇದೆಯಾ, ಚೋಕ್ (ಸ್ಟಾರ್ಟ್ ಮಾಡುವಾಗ ಗಾಳಿ ಕಡಿಮೆ ಮಾಡುವ ಲಿವರ್) ಹಾಕಿದೆಯಾ ಅಂತ ನೋಡಿದ ಮೇಲೆ ಸೀದಾ ಪ್ಲಗ್, ಅಂದರೆ ಎಂಜಿನ್ ಒಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್, ಬಿಚ್ಚುವುದು. ಅದರ ಮೂತಿ ಒದ್ದೆಯೋ, ಒಣಗಿದೆಯೋ? ಅರ್ಧ ಉತ್ತರ ಅಲ್ಲೇ ಇದೆ.

ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ ಅಂತ ಅರ್ಥ. ಹೆಚ್ಚಿನ ಸಲ ಚೋಕ್ ಹಾಕಿಕೊಂಡೇ ಎಳೆದೆಳೆದು ಎಂಜಿನ್ ತುಂಬಿಸಿರುತ್ತಾರೆ. ಪ್ಲಗ್ ಹೊರಗಿಟ್ಟು, ಚೋಕ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಒಂದಷ್ಟು ಸಲ ಹಗ್ಗ ಎಳೆದರೆ ಒಳಗಿನದ್ದು ಹೊರಗೆ ಬರುತ್ತದೆ. ಪ್ಲಗ್ ಒರೆಸಿ, ಒಣಗಿಸಿ ಹಾಕಿದರೆ ಆಯ್ತು.

ಆದರೂ ಹತ್ತದಿದ್ದರೆ ಕಿಡಿ ನೋಡಬೇಕು. ಪ್ಲಗ್ಗನ್ನು ಅದರ ವೈರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಪ್ಲಾಸ್ಟಿಕ್ ಹಿಡಿಕೆಯ ಇಕ್ಕಳದಲ್ಲಿ ಹಿಡಿದು, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ನೆರಳಲ್ಲಿ ಹಗ್ಗ ಎಳೆಯುತ್ತೇನೆ. ಎಂಜಿನ್ನಿನಲ್ಲಿ ಪ್ಲಗ್ ಕೂರುವ ತೂತಿನಿಂದ ದೂರ ಹಿಡಿಯಬೇಕು, ಚೆಲ್ಲಿದ ಪೆಟ್ರೋಲನ್ನು ಮೊದಲೇ ಒರೆಸಿರಬೇಕು. ಇಲ್ಲದಿದ್ದರೆ ಬೆಂಕಿ ಗ್ಯಾರಂಟಿ. ನೀಲಿ ಕಿಡಿ ಬಂದರೆ ಸರಿ. ಬರದಿದ್ದರೆ ಹೊಸ ಪ್ಲಗ್ ಹಾಕಿ ನೋಡುವುದು. ಅದಕ್ಕೂ ಬರದಿದ್ದರೆ ಹ್ಯಾಂಡಲ್ ಹತ್ತಿರ ಸ್ವಿಚ್ಚಿನ ವೈರ್ ಹಿಡಿದು ನೋಡಿ. ಅದು ಪೈಪಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ಒಳಗಿನ ತಂತಿ ಲೋಹಕ್ಕೆ ತಾಗಿದರೆ, ಸ್ವಿಚ್ ಆಫ್ ಮಾಡಿದ್ದೂ ಒಂದೇ ಅದೂ ಒಂದೇ. ಇಂಥದ್ದನ್ನು ಇನ್ಸುಲೇಶನ್ ಟೇಪ್ ಸುತ್ತಿ ಸರಿ ಮಾಡಿದ್ದೇನೆ. ಮೆಕ್ಯಾನಿಕ್ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸಬೇಕು ಅಂದ ಮೆಷಿನ್ ಅದು!

ಪ್ಲಗ್ ಒಣಗಿದ್ದರೆ ಕಥೆ ಬೇರೆ. ಪೆಟ್ರೋಲ್ ಬರುತ್ತಿಲ್ಲ. ಪ್ಲಗ್ಗಿನ ತೂತಿಗೆ ನಾಲ್ಕೈದು ಹನಿ ಪೆಟ್ರೋಲ್ ಬಿಟ್ಟು, ಪ್ಲಗ್ ಬಿಗಿದು ಎಳೆಯಬೇಕು. ಬುರ್ ಅಂತ ಹೊತ್ತಿ ತಕ್ಷಣ ನಿಂತರೆ ಖುಷಿ ಪಡಿ. ಕಿಡಿ ಸರಿ ಇದೆ, ಎಂಜಿನ್ ಸರಿ ಇದೆ. ತೊಂದರೆ ಟ್ಯಾಂಕಿನಿಂದ ಕಾರ್ಬೊರೇಟರಿನವರೆಗಿನ ಗೇಣುದ್ದ ದಾರಿಯಲ್ಲಿದೆ.

ಮಳೆಗಾಲ ಕಳೆದ ಮೆಷಿನ್ನಾದರೆ ನಾನು ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಅಲ್ಲಾಡಿಸದೆ ಇಡುತ್ತೇನೆ. ಇದನ್ನು ಎಲ್ಲರೂ ಒಮ್ಮೆ ಮಾಡಿ ನೋಡಬೇಕು. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಥಂಡಿ ಗೊತ್ತಲ್ಲ, ಅರ್ಧ ಖಾಲಿ ಟ್ಯಾಂಕಿನ ಒಳಗೂ ಬೆವರು ಕೂರುತ್ತದೆ. ನೀರು ಒಂದು ಮಿತಿ ದಾಟಿದರೆ ಎಥನಾಲ್ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಬಾಟಲಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಮೇಲೆ ಟು-ಟಿ ಆಯಿಲಿನ (ಟು-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಲ್ಲೇ ಬೆರೆಸುವ ಆಯಿಲ್) ಬಣ್ಣದ ಪೆಟ್ರೋಲ್, ಕೆಳಗೆ ಬಣ್ಣವಿಲ್ಲದ ಒಂದು ಪದರ. ಟ್ಯಾಂಕಿನ ಫಿಲ್ಟರ್ ಇರುವುದೂ ತಳದಲ್ಲೇ. ಹಾಗಾಗಿ ಎಂಜಿನ್ ಮೊದಲು ಕುಡಿಯುವುದು ಆ ನೀರನ್ನೇ. ಹೇಗೋ ಸ್ಟಾರ್ಟ್ ಆದರೂ ಕಷ್ಟ, ಆ ಪದರದಲ್ಲಿ ಆಯಿಲ್ ಇಲ್ಲದಂತೆಯೇ. ಪಿಸ್ಟನ್ ಗೀರು ಬೀಳುತ್ತದೆ.

ಅದನ್ನು ಚೆಲ್ಲಿ ಹೊಸದು ಹಾಕುತ್ತೇನೆ. ನನ್ನ ಟು-ಸ್ಟ್ರೋಕ್ ಮೆಷಿನ್ನಿಗೆ ಲೀಟರಿಗೆ 20 ಮಿಲಿ ಆಯಿಲ್. ಕೆಲವು ಮೆಷಿನ್ನಿಗೆ 40 ಮಿಲಿ ಬೇಕು, ಆಯಾ ಮೆಷಿನ್ನಿನ ಪುಸ್ತಕ ನೋಡಿಯೇ ಹಾಕಬೇಕು. "ಇರಲಿ, ಸ್ವಲ್ಪ ಜಾಸ್ತಿ" ಅಂತ ಸುರಿಯುವವರ ಸೈಲೆನ್ಸರಿನ ಜಾಲರಿ ಮಸಿ ಕಟ್ಟಿ ಮುಚ್ಚಿಹೋಗುತ್ತದೆ. ಹೊಗೆಗೆ ದಾರಿ ಇಲ್ಲದೆ ಮೆಷಿನ್ ಹೊತ್ತುವುದಿಲ್ಲ. ಜಾಲರಿ ಬಿಚ್ಚಿ ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೂ ಸೈಲೆನ್ಸರಿನ ಬಾಯಿ ಬಹಳ ಇಷ್ಟ, ಅಲ್ಲಿಗೂ ಒಮ್ಮೆ ಟಾರ್ಚ್ ಬಿಡಿ.

ಹೊಸ ಪೆಟ್ರೋಲ್ ಹಾಕಿಯೂ ಅದನ್ನು ಕಾರ್ಬೊರೇಟರಿಗೆ ಎಳೆಯುವ ಪ್ರೈಮರ್ ಗುಳ್ಳೆ ಒತ್ತಿದಾಗ ತುಂಬದಿದ್ದರೆ ರಬ್ಬರ್ ಪೈಪ್ ಬಿರಿದಿರುತ್ತದೆ, ಇಲ್ಲವೇ ಫಿಲ್ಟರ್ ಕಟ್ಟಿರುತ್ತದೆ. ಎರಡಕ್ಕೂ ದುಡ್ಡು ಹೆಚ್ಚಿಲ್ಲ. ಎಲ್ಲ ಸರಿ ಇದ್ದರೆ ಮಾತ್ರ ಕಾರ್ಬೊರೇಟರ್ ಮುಚ್ಚಳದ ನಾಲ್ಕು ಸ್ಕ್ರೂ ತೆಗೆಯುತ್ತೇನೆ. ಒಳಗಿನ ಡಯಾಫ್ರಾಮ್ ಎಂಬ ತೆಳು ಪೊರೆ ಬೆರಳಿಗೆ ಮೆತ್ತಗೆ ಬಗ್ಗಬೇಕು. ಹಪ್ಪಳದ ಹಾಗೆ ಗರಗರ ಅಂದರೆ ಅದರ ಆಯಸ್ಸು ಮುಗಿದಿದೆ. ರಿಪೇರಿ ಕಿಟ್ ಸಿಗುತ್ತದೆ, ಇಡೀ ಕಾರ್ಬೊರೇಟರ್ ಬೇಕಿಲ್ಲ. ಬಿಚ್ಚುವ ಮೊದಲು ಯಾವ ಪದರದ ಮೇಲೆ ಯಾವುದು ಅಂತ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ.

ಪೇಟೆಯಲ್ಲಿ ಹುಲ್ಲುಹಾಸಿಗೆ ಮೋವರ್ ಇಟ್ಟುಕೊಂಡವರಿಗೂ ಇದೇ ಕ್ರಮ. ಅದು ಸಾಮಾನ್ಯವಾಗಿ ಫೋರ್-ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸುವಂತಿಲ್ಲ. ಬ್ಲೇಡ್ ನೋಡಲು ವಾಲಿಸುವಾಗ ಏರ್ ಫಿಲ್ಟರ್ ಮೇಲೆ ಬರಬೇಕು. ಇಲ್ಲದಿದ್ದರೆ ಎಂಜಿನ್ ಆಯಿಲ್ ಫಿಲ್ಟರಿಗೆ ಇಳಿದು ಹೊಸ ರಗಳೆ.

ಸ್ಟಾರ್ಟ್ ಆಗಿ ಹತ್ತು ನಿಮಿಷಕ್ಕೆ ನಿಲ್ಲುವ ಮೆಷಿನ್ ಇದ್ದರೆ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡು, ಮತ್ತೆ ಸ್ಟಾರ್ಟ್ ಆದರೆ ಗಾಳಿ ಹೋಗುವ ಸಣ್ಣ ತೂತು ಕಟ್ಟಿದೆ.

ಇನ್ನು ಪ್ಲಗ್ ಬಿಗಿದಿದ್ದರೂ ಹಗ್ಗ ಯಾವ ತಡೆಯೂ ಇಲ್ಲದೆ ಸಲೀಸಾಗಿ ಬಂದರೆ ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ, ಇಲ್ಲ. ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿದೆ. ಆಗ ನಾನು ಸ್ಪ್ಯಾನರ್ ಕೆಳಗಿಟ್ಟು ಮೆಷಿನ್ನನ್ನು ಪೇಟೆಗೆ ಒಯ್ಯುತ್ತೇನೆ. ಸಿಲಿಂಡರ್ ಕಿಟ್ಟಿನ ರೇಟ್ ಕೇಳಿ, ಹೊಸ ಮೆಷಿನ್ನೇ ವಾಸಿಯಾ ಅಂತ ಲೆಕ್ಕ ಹಾಕುವುದು ಅಂಗಡಿಯಲ್ಲಿ.